ಅನಿಲದ ಟ್ಯಾಂಕು, ಹೊಗೆಯ ಒಲೆ

ಅಮೆರಿಕದ ಟೆಕ್ಸಸ್ ರಾಜ್ಯದ ಗ್ರಾಮಾಂತರ ಪ್ರದೇಶಗಳಲ್ಲಿ, ನಗರದ ಅನಿಲದ ಕೊಳವೆಗಳು ತಲುಪಲಾರದಷ್ಟು ದೂರದಲ್ಲಿ, ಹುಲ್ಲುಗಾವಲುಗಳ ನಡುವೆ ಒಂಟಿಯಾಗಿ ನಿಂತ ಮನೆಗಳ ಹಿತ್ತಿಲಿನಲ್ಲಿ, ಬಿಳಿಯ ಬಣ್ಣ ಬಳಿದ, ಎರಡು ತುದಿಗಳಲ್ಲಿಯೂ ಗುಂಡಗೆ ಉಬ್ಬಿದ, ಅಡ್ಡಲಾಗಿ ಮಲಗಿಸಿದ ಉಕ್ಕಿನ ಟ್ಯಾಂಕೊಂದು ಕಣ್ಣಿಗೆ ಬೀಳುವುದು ಸರ್ವಸಾಮಾನ್ಯ. ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿರಿಸುವುದಕ್ಕೂ ವರ್ಷವಿಡೀ ಅಡಿಗೆ ಮಾಡುವುದಕ್ಕೂ ಬೇಕಾದ ಪ್ರೊಪೇನ್ ಅನಿಲವು ಅದರೊಳಗೆ ಒತ್ತಡಕ್ಕೆ ಸಿಲುಕಿ ದ್ರವರೂಪದಲ್ಲಿ ಇರುತ್ತದೆ. 250 ಗ್ಯಾಲನ್, ಎಂದರೆ ಸುಮಾರು 950 ಲೀಟರ್ ಹಿಡಿಯುವ ಟ್ಯಾಂಕು ಏಳೂವರೆ ಅಡಿ ಉದ್ದವೂ ಎರಡೂವರೆ ಅಡಿ ವ್ಯಾಸವೂ ಉಳ್ಳದ್ದು. 500 ಗ್ಯಾಲನಿನದು ಹತ್ತಡಿ ಉದ್ದ, ಮೂರಡಿಗೆ ತುಸು ಮಿಕ್ಕ ವ್ಯಾಸ, ಖಾಲಿಯಿರುವಾಗಲೇ 400 ಕಿಲೋದ ಆಸುಪಾಸಿನ ತೂಕ. ಕವಾಟ ಸವೆದೋ, ಮನೆಗೆ ವಿದ್ಯುತ್ತಿನ ಒಲೆ ಬಂದೋ, ಮಾಲೀಕರು ಊರು ಬಿಟ್ಟೋ ಇಂತಹ ಟ್ಯಾಂಕು ನಿವೃತ್ತವಾದಾಗ ಗುಜರಿಯ ಅಂಗಳವನ್ನು ಸೇರುವುದು ಅದರ ಸಹಜಗತಿ. ಆದರೆ ಟೆಕ್ಸಸ್ಸಿನಲ್ಲಿ ಅದಕ್ಕೆ ಪುನರ್ಜನ್ಮವೂ ಉಂಟು. ಒಂದು ತುದಿಯಲ್ಲಿ ಬೆಂಕಿಗೂಡು, ಇನ್ನೊಂದು ತುದಿಯಲ್ಲಿ ಚಿಮಣಿ, ಹೊಟ್ಟೆಯ ಭಾಗದಲ್ಲಿ ಬಾಗಿಲು ಇವಿಷ್ಟು ಮೂಡಿದೊಡನೆ ಅದು ಮಾಂಸವನ್ನು ಹೊಗೆಯಲ್ಲಿ ನಿಧಾನವಾಗಿ ಬೇಯಿಸುವ ಬಾರ್ಬೆಕ್ಯೂ ಒಲೆಯಾಗುತ್ತದೆ.

ಈ ರೂಪಾಂತರದಲ್ಲಿರುವ ಸ್ವಾರಸ್ಯವನ್ನು ಗಮನಿಸಬೇಕು. ಎಳ್ಳಷ್ಟು ಅನಿಲವೂ ಹೊರಗೆ ಹೋಗಬಾರದೆಂಬ ಒಂದೇ ಉದ್ದೇಶದಿಂದ ನಿರ್ಮಿತವಾದ ಪಾತ್ರೆಯು, ಒಂದು ಕಡೆಯಿಂದ ಗಾಳಿಯನ್ನು ಸೆಳೆದು ಮತ್ತೊಂದು ಕಡೆಯಿಂದ ಬಿಡುವುದನ್ನೇ ಧರ್ಮವಾಗಿ ಉಳ್ಳ ಪಾತ್ರೆಯಾಗಿ ಪರಿವರ್ತನೆ ಹೊಂದಬೇಕು. ಜೀವಮಾನವೆಲ್ಲ ಉಸಿರು ಬಿಗಿಹಿಡಿದಿದ್ದುದು ಉಸಿರಾಡಲು ಕಲಿಯಬೇಕು. ಉಕ್ಕನ್ನು ಕತ್ತರಿಸಿ ಬೆಸೆಯುವ ಕೈಚಳಕ ಬೇಕಾದಷ್ಟು ಮಂದಿಗೆ ಇದೆ. ಆದರೆ ಹಾಗೆ ತಯಾರಾದ ಒಲೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ನಿರ್ಣಯಿಸುವುದು ಅದರ ಬೆಸುಗೆಯ ಅಂದವಲ್ಲ, ಅದರ ಉಸಿರಾಟ. ಮಸಾಲೆಯ ವಿಷಯದಲ್ಲಿ, ಮರದ ಜಾತಿಯ ವಿಷಯದಲ್ಲಿ ಬಾರ್ಬೆಕ್ಯೂ ಪ್ರಿಯರು ನಡೆಸುವ ವಾಗ್ವಾದಗಳಿಗೆ ಕೊನೆಯಿಲ್ಲ. ಗಾಳಿಯ ವಿಷಯದಲ್ಲಿ ಅಷ್ಟು ಆಸಕ್ತಿ ಕಾಣದು. ಟೆಕ್ಸಸ್ಸಿನಲ್ಲಿ ಈ ಒಲೆಯ ಮುಖ್ಯ ಪಾಕ ಬ್ರಿಸ್ಕೆಟ್, ಎಂದರೆ ದನದ ಎದೆಯ ಭಾಗದ ಮಾಂಸ. ಅದನ್ನು ಮುಟ್ಟದ ಓದುಗರು ನಮ್ಮಲ್ಲಿ ಅನೇಕರಿರುವುದು ಸಹಜ. ಅವರು ಇದನ್ನು ಬೆಂಕಿ ಮತ್ತು ಗಾಳಿಗಳ ಕಥೆಯೆಂದು ಓದಿಕೊಂಡರೆ ಬಾಧಕವೇನೂ ಇಲ್ಲ.

ಟ್ಯಾಂಕು ಈ ಕಥೆಗೆ ಪ್ರವೇಶಿಸಿದ್ದು ತಡವಾಗಿ. ಅಮೆರಿಕದ ದಕ್ಷಿಣ ಭಾಗದಲ್ಲಿ ಮೊದಲು ಇದ್ದುದು ನೆಲದಲ್ಲಿ ತೋಡಿದ ಉದ್ದನೆಯ ಗುಂಡಿ, ಅದರೊಳಗೆ ಕೆಂಡ, ಮೇಲೆ ಅಡ್ಡಗೋಲುಗಳ ಮೇಲಿಟ್ಟ ಮಾಂಸ. ರಾತ್ರಿಯಿಡೀ ಎಚ್ಚರವಿದ್ದು ಆ ಗುಂಡಿಗಳನ್ನು ಕಾಯುತ್ತಿದ್ದವರು ಬಹುಮಟ್ಟಿಗೆ ಗುಲಾಮಗಿರಿಯಲ್ಲಿದ್ದ ಆಫ್ರಿಕನ್ ಮೂಲದ ಜನ. ಈ ವಿದ್ಯೆಯ ಬಹುಭಾಗ ಅವರ ಶ್ರಮದಿಂದ ಬೆಳೆದದ್ದಾದರೂ ಕೀರ್ತಿಯಲ್ಲಿ ಅವರಿಗೆ ಸಂದ ಪಾಲು ಅತ್ಯಲ್ಪವೆಂಬುದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಧ್ಯ ಟೆಕ್ಸಸ್ಸಿಗೆ ವಲಸೆ ಬಂದ ಜರ್ಮನ್ ಮತ್ತು ಚೆಕ್ ಕಸಾಯಿಗಳು, ಮಾರಾಟವಾಗದೆ ಉಳಿದ ಮಾಂಸ ಕೆಡದಿರಲೆಂದು ಅದನ್ನು ಹೊಗೆಯಲ್ಲಿಡುವ ತಮ್ಮ ನಾಡಿನ ಪದ್ಧತಿಯನ್ನು ತಂದರು. ಇಟ್ಟಿಗೆಯ ಒಲೆಗಳನ್ನು ಅಂಗಡಿಯ ಹಿಂಭಾಗದಲ್ಲಿ ಕಟ್ಟಿದರು. 1900ರಲ್ಲಿ ಲಾಕ್‌ಹಾರ್ಟ್ ಎಂಬ ಸಣ್ಣ ಊರಿನಲ್ಲಿ ಆರಂಭವಾದ ಕ್ರೈಟ್ಸ್ ಮಾರ್ಕೆಟ್ ಇಂದಿಗೂ ನಡೆಯುತ್ತಿರುವುದು ಆ ಪರಂಪರೆಯಲ್ಲಿಯೇ. ಆ ಮೇಲೆ ಟೆಕ್ಸಸ್ಸಿನ ನೆಲದಿಂದ ಎಣ್ಣೆ ಉಕ್ಕಿತು. ಹ್ಯೂಸ್ಟನ್ ಸುತ್ತಮುತ್ತ ತೈಲಬಾವಿಗಳಲ್ಲಿ ದುಡಿಯುತ್ತಿದ್ದ ವೆಲ್ಡರುಗಳ ಕೈಯಲ್ಲಿ ದಪ್ಪ ಕೊಳವೆಗಳ ತುಂಡುಗಳೂ, ಹಳೆಯ ಟ್ಯಾಂಕುಗಳೂ, ಬಿಡುವಿನ ಸಂಜೆಗಳೂ ಇದ್ದವು. ಇಟ್ಟಿಗೆಯ ಒಲೆ ಇದ್ದಲ್ಲಿಯೇ ಇರತಕ್ಕದ್ದು. ಕಬ್ಬಿಣದ್ದನ್ನು ಚಕ್ರದ ಮೇಲೇರಿಸಿ ಜಾತ್ರೆಗೂ ಮದುವೆಗೂ ಎಳೆದೊಯ್ಯಬಹುದು. ಹೀಗೆ ಹುಟ್ಟಿದ ಒಲೆಯನ್ನು, ಬೆಂಕಿಯು ಮಾಂಸದ ಕೆಳಗಿರದೆ ಪಕ್ಕಕ್ಕೆ ಸರಿದಿರುವ ಕಾರಣ, ಅಲ್ಲಿಯವರು ಆಫ್‌ಸೆಟ್ ಎಂದು ಕರೆಯುವರು. ಆಸ್ಟಿನ್ ನಗರದಲ್ಲಿ 2009ರಲ್ಲಿ ಒಂದು ಹಳೆಯ ಟ್ರೇಲರಿನಿಂದ ವ್ಯಾಪಾರ ಆರಂಭಿಸಿ, 2015ರಲ್ಲಿ ಬಾಣಸಿಗರಿಗೆ ಕೊಡುವ ಜೇಮ್ಸ್ ಬಿಯರ್ಡ್ ಪ್ರಶಸ್ತಿಯನ್ನು ಪಡೆದ ಆರನ್ ಫ್ರಾಂಕ್ಲಿನ್ ಅದೇ ವರ್ಷ ಪ್ರಕಟಿಸಿದ ಪುಸ್ತಕದಲ್ಲಿ, ಮಾಂಸದ ಮಾತಿಗೆ ಬರುವ ಮೊದಲು ಪ್ರೊಪೇನ್ ಟ್ಯಾಂಕಿನಿಂದ ಒಲೆ ಕಟ್ಟುವ ಬಗೆಯನ್ನು ವಿವರಿಸಿರುವುದು ಅರ್ಥಗರ್ಭಿತವಾಗಿದೆ.

ಕಟ್ಟುವ ಕೆಲಸದಲ್ಲಿ ಮೊದಲನೆಯದೂ ಅತ್ಯಂತ ಗಂಭೀರವಾದುದೂ ಟ್ಯಾಂಕನ್ನು ನಿಜವಾಗಿ ಖಾಲಿ ಮಾಡುವುದು. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ಕವಾಟ ತೆರೆದಿಟ್ಟರೆ ತಾನಾಗಿ ಹಾರಿಹೋದೀತೆಂದು ನಂಬಿ ಕುಳಿತರೆ ಅದು ತಳದಲ್ಲಿ ಮಲಗಿಕೊಂಡೇ ಇರಬಹುದು. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಒಂದು ಕಿಡಿಗೆ ಸ್ಫೋಟಿಸಬಲ್ಲದು. ಬಾಯಿಯವರೆಗೆ ಅನಿಲ ತುಂಬಿದ ಟ್ಯಾಂಕಿನೊಳಗೆ ಉರಿಯಲು ಗಾಳಿಯಿಲ್ಲ. ಬರಿದಾದಂತೆ ತೋರುವ ಟ್ಯಾಂಕಿನೊಳಗೆ ಅನಿಲವೂ ಗಾಳಿಯೂ ಬೆರೆತೇ ಇರುವುದರಿಂದ, ಕತ್ತರಿಸುವವನ ಪಾಲಿಗೆ ಹೆಚ್ಚು ಭಯಂಕರವಾದುದು ಅದೇ. ಆದುದರಿಂದ ಬಲ್ಲವರು ಟ್ಯಾಂಕನ್ನು ಬಯಲಿಗೆ ತಂದು, ಹಿತ್ತಾಳೆಯ ಕವಾಟಗಳನ್ನು ಕಿಡಿ ಹಾರದಂತೆ ಬಿಚ್ಚಿ ತೆಗೆದು, ದಿನಗಟ್ಟಲೆ ಗಾಳಿಗೆ ಬಿಟ್ಟು, ಬಳಿಕ ಸಾಬೂನು ಬೆರೆಸಿದ ನೀರನ್ನು ಬಾಯಿ ಮೀರಿ ಹರಿಯುವವರೆಗೆ ತುಂಬಿ, ಚೆಲ್ಲಿ, ಮತ್ತೆ ತುಂಬುವರು. ಮೊದಲನೆಯ ಕೊಯ್ತವನ್ನು ಒಳಗೆ ನೀರಿರುವಾಗಲೇ ಮಾಡುವವರೂ ಉಂಟು. ಸ್ವತಃ ಅನುಭವವಿಲ್ಲದವನು ಈ ಘಟ್ಟವನ್ನು ವೃತ್ತಿಯವರ ಕೈಗೆ ಒಪ್ಪಿಸುವುದೇ ವಿವೇಕ. ಇದರಲ್ಲಿ ಎರಡನೆಯ ಪಾಠಕ್ಕೆ ಅವಕಾಶವಿರದು.

ಟ್ಯಾಂಕನ್ನು ತೆರೆದ ಮೇಲೂ ಬಹುದಿನ ಬಿಡದೆ ಕಾಡುವ ಕೊಳೆತ ವಾಸನೆಯೊಂದಿದೆ. ಅದು ಪ್ರೊಪೇನಿನದಲ್ಲ; ಪ್ರೊಪೇನಿಗೆ ವಾಸನೆಯೇ ಇಲ್ಲ. ಅದು ಉದ್ದೇಶಪೂರ್ವಕವಾಗಿ ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕಯುಕ್ತ ದ್ರವ್ಯದ್ದು. ಇದರ ಹಿಂದೆಯೂ ಟೆಕ್ಸಸ್ಸಿನದೇ ಒಂದು ದುರಂತವಿದೆ. 1937ರ ಮಾರ್ಚ್ 18ರಂದು ರಾಜ್ಯದ ಪೂರ್ವಭಾಗದ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿಯಲ್ಲಿ, ವಾಸನೆಯಿಲ್ಲದ ಕಾರಣ ಯಾರಿಗೂ ತಿಳಿಯದಂತೆ, ಸೋರಿ ನಿಂತಿದ್ದ ನೈಸರ್ಗಿಕ ಅನಿಲಕ್ಕೆ ಕಿಡಿ ತಾಗಿ ಕಟ್ಟಡವೇ ಸಿಡಿದು, ಸುಮಾರು 300 ಮಂದಿ, ಅವರಲ್ಲಿ ಬಹುತೇಕರು ಮಕ್ಕಳು, ಮಡಿದರು. ಆ ಬಳಿಕವೇ ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಲೇಬೇಕೆಂಬ ಶಾಸನವು ಆ ರಾಜ್ಯದಲ್ಲಿ ಬಂದು, ಕ್ರಮೇಣ ಅನ್ಯತ್ರವೂ ಹಬ್ಬಿತು. ನಮ್ಮ ಅಡಿಗೆಮನೆಯ ಸಿಲಿಂಡರು ಸೋರಿದಾಗ ಮೂಗಿಗೆ ಬಡಿಯುವುದೂ ಅದೇ ಜಾತಿಯ ವಾಸನೆ. ಹಿತ್ತಿಲಿನಲ್ಲಿ ಒಲೆ ಕಟ್ಟುವವನು ಅದನ್ನು ಶಪಿಸುತ್ತ, ಟ್ಯಾಂಕಿನೊಳಗೆ ದೊಡ್ಡ ಸೌದೆಯ ಬೆಂಕಿಯೊಂದನ್ನು ಹೊತ್ತಿಸಿ, ಹೊರಗಿನ ಬಣ್ಣ ಸುಟ್ಟು ಸಿಪ್ಪೆಯೇಳುವವರೆಗೆ ಉರಿಸಿ ನಿವಾರಿಸಿಕೊಳ್ಳುವನು. ಹಳೆಯ ಬಣ್ಣಗಳಲ್ಲಿ ಸೀಸವಿರಬಹುದಾದ್ದರಿಂದ, ಸುಡುವುದಕ್ಕೆ ಬದಲು ಮರಳು ಚಿಮ್ಮಿಸಿ ಕೆರೆಸುವುದು ಉತ್ತಮವೆಂದು ನನಗೆ ತೋರುತ್ತದೆ. ಸತುವಿನ ಲೇಪವುಳ್ಳ ನೀರಿನ ಟ್ಯಾಂಕುಗಳನ್ನಂತೂ ಈ ಕೆಲಸಕ್ಕೆ ಮುಟ್ಟಲೇಬಾರದು. ಬೆಸುಗೆಯ ಉರಿಗೆ ಸತು ಆವಿಯಾಗಿ, ಬಿಳಿಯ ಹೊಗೆಯಾಗಿ, ಉಸಿರಾಡಿದವನಿಗೆ ಚಳಿಜ್ವರವನ್ನು ತರುತ್ತದೆ.

ಇನ್ನು ಕತ್ತರಿಸುವ ಕೆಲಸ. ಬಾಗಿಲನ್ನು ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ನಾಲ್ಕು ಬದಿಗಳನ್ನೂ ಕೊಯ್ದು ತೆಗೆದುಬಿಟ್ಟರೆ ಆಯಿತೆಂದು ಹೊಸಬರು ತಿಳಿಯುವರು. ಆದರೆ ತಗಡನ್ನು ಉರುಳೆಯಾಗಿ ಬಾಗಿಸಿ ಬೆಸೆದ ಕಾಲದಲ್ಲಿ ಉಕ್ಕಿನೊಳಗೆ ಉಳಿದುಬಿಟ್ಟ ಬಿಗುವು, ಕೊಯ್ದೊಡನೆ ಬಿಡುಗಡೆ ಹೊಂದಿ, ಬಾಗಿಲಿನ ತುಂಡು ತನ್ನ ವಕ್ರತೆಯನ್ನು ಬದಲಿಸಿ ಸೆಟೆದುಕೊಳ್ಳುತ್ತದೆ. ತಾನು ಹುಟ್ಟಿದ ಕಿಂಡಿಗೆ ತಾನೇ ಹೊಂದಲಾರದೆ ಹೋಗುತ್ತದೆ. ಆದ್ದರಿಂದ ಮೇಲಿನ ಅಂಚೊಂದನ್ನೇ ಮೊದಲು ಕೊಯ್ದು, ಅಲ್ಲಿ ಕೀಲುಗಳನ್ನು ಬೆಸೆದು ಭದ್ರಪಡಿಸಿ, ಅನಂತರವೇ ಉಳಿದ ಮೂರು ಬದಿಗಳನ್ನು ಕೊಯ್ಯುವುದು ಕುಶಲಿಗಳ ಕ್ರಮ. ಬಾಗಿಲಿನ ಅಂಚಿಗೆ ಸುತ್ತಲೂ ಚಪ್ಪಟೆಯ ಪಟ್ಟಿ ಬೆಸೆದರೆ ಸಂದು ಮುಚ್ಚುತ್ತದೆ. ಕಾಲು ಅಂಗುಲ ದಪ್ಪದ ಉಕ್ಕಿನ ಬಾಗಿಲು ಎತ್ತುವವನ ತೋಳನ್ನು ಪರೀಕ್ಷಿಸುವಷ್ಟು ಭಾರವಿರುವುದರಿಂದ ಹಿಂಬದಿಗೆ ಒಂದು ಎದುರುತೂಕವನ್ನು ಜೋಡಿಸುವುದೂ ಉಂಟು. ಜಾಲರಿ, ಕಾಲು, ಕರಗಿದ ಕೊಬ್ಬು ಹರಿದುಹೋಗಲು ತಳದಲ್ಲೊಂದು ತೂಬು: ಇವು ಯಾವ ವೆಲ್ಡಿಂಗ್ ಅಂಗಡಿಯವನಿಗೂ ಹೇಳಿಕೊಡಬೇಕಾದ ಸಂಗತಿಗಳಲ್ಲ.

ಹೇಳಬೇಕಾದುದು ಬೆಂಕಿಗೂಡು ಮತ್ತು ಚಿಮಣಿಗಳ ಪ್ರಮಾಣವನ್ನು. ಬೆಂಕಿಗೂಡಿನ ಗಾತ್ರ ಪಾಕದ ಕೊಠಡಿಯ ಗಾತ್ರದ ಮೂರನೆಯ ಒಂದು ಪಾಲಿನಷ್ಟಿರಬೇಕೆಂಬುದು ಬಹುಕಾಲದಿಂದ ಬಂದ ಸ್ಥೂಲನಿಯಮ. ಚಿಕ್ಕದಾದರೆ ಬೆಂಕಿಗೆ ಗಾಳಿ ಸಾಲದು. ಗಾಳಿ ಸಾಲದ ಬೆಂಕಿ ಉರಿಯುವುದಿಲ್ಲ, ಕೊಳೆಯುತ್ತದೆ. ಚಿಮಣಿಯ ಕೆಲಸವನ್ನು ಹೊಗೆಯನ್ನು ಆಚೆಗೆ ಕಳಿಸುವ ಕೆಲಸವೆಂದು ಭಾವಿಸುವುದು ಅರ್ಧಸತ್ಯ. ಬಿಸಿಯಾದ ಗಾಳಿ ಹಗುರಾಗಿ ಚಿಮಣಿಯಲ್ಲಿ ಮೇಲಕ್ಕೇರುವಾಗ ಅದರ ಹಿಂದೆ ಉಂಟಾಗುವ ಅಲ್ಪ ಒತ್ತಡದ ಸ್ಥಳವನ್ನು ತುಂಬಲು ಹೊರಗಿನ ತಣ್ಣನೆಯ ಗಾಳಿ ಬೆಂಕಿಗೂಡಿನ ಬಾಯಿಯಿಂದ ನುಗ್ಗುತ್ತದೆ. ಚಿಮಣಿ ಎತ್ತರವಾದಷ್ಟೂ, ಒಳಹೊರಗಿನ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಆ ಸೆಳೆತ ಬಲವಾಗುತ್ತದೆ. ಹೀಗೆ ತಿದಿಯಿಲ್ಲದೆ, ಯಂತ್ರವಿಲ್ಲದೆ, ಬೆಂಕಿಯು ತನ್ನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಚಿಮಣಿ ಕಿರಿದಾದರೆ ಹೊಗೆ ಒಳಗೆ ನಿಂತು ಮಾಂಸದ ಮೇಲೆ ಕಹಿಯಾದ ಮಸಿಯನ್ನು ಕೂರಿಸುತ್ತದೆ. ಅತಿಯಾಗಿ ಅಗಲವಾದರೆ ಸೌದೆ ಸುಮ್ಮನೆ ಖರ್ಚಾಗುತ್ತದೆ. ಅದನ್ನು ಟ್ಯಾಂಕಿನ ನೆತ್ತಿಯಿಂದ ಎಬ್ಬಿಸುವುದಕ್ಕಿಂತ ತುದಿಯ ಗೋಡೆಯಲ್ಲಿ ಜಾಲರಿಯ ಮಟ್ಟದಿಂದಲೇ ಹೊರಡಿಸಿದರೆ, ಬಿಸಿಗಾಳಿ ಮೇಲ್ಭಾಗದಲ್ಲಿಯೇ ತೇಲಿ ಪಾರಾಗದೆ, ಮಾಂಸವನ್ನು ಸವರಿಕೊಂಡು ಹೋಗಬೇಕಾಗುತ್ತದೆ. ಕೆಲವರು ಜಾಲರಿಯ ಕೆಳಗೆ ಉದ್ದಕ್ಕೂ ಒಂದು ತಗಡನ್ನು ಹಾಸಿ, ಗಾಳಿಯು ಅದರಡಿಯಲ್ಲಿ ದೂರದ ತುದಿಯವರೆಗೆ ಹೋಗಿ ಮೇಲಿನಿಂದ ಹಿಂದಿರುಗುವಂತೆ ಮಾಡಿ, ಬೆಂಕಿಗೂಡಿನ ಪಕ್ಕದಲ್ಲಿಯೇ ಚಿಮಣಿಯನ್ನು ನಿಲ್ಲಿಸುವರು. ಉಷ್ಣತೆ ಎಲ್ಲ ಕಡೆಯೂ ಸಮವಾಗುತ್ತದೆಂಬುದು ಅವರ ವಾದ; ಗಾಳಿಯ ವೇಗ ಕುಂದುತ್ತದೆಂಬುದು ಎದುರುವಾದ. ಎರಡರಲ್ಲಿಯೂ ಸತ್ಯವಿದೆ. ಸರಳವಾದುದನ್ನೇ ಮೊದಲು ಕಟ್ಟುವುದು ಮೇಲೆಂದು ನನ್ನ ಪಕ್ಷಪಾತ.

ಒಲೆ ಸಿದ್ಧವಾದ ಮೇಲೆ ಒಳಮೈಗೆಲ್ಲ ಎಣ್ಣೆಯನ್ನೋ ಕೊಬ್ಬನ್ನೋ ಬಳಿದು ಕೆಲವು ತಾಸು ಬೆಂಕಿ ಹಾಕುವರು. ಜಿಡ್ಡು ಗಟ್ಟಿಯಾಗಿ ಉಕ್ಕಿಗಂಟಿ, ತುಕ್ಕನ್ನು ತಡೆಯುವ ಕಪ್ಪು ಪೊರೆಯಾಗುತ್ತದೆ. ಇಲ್ಲಿಂದ ಮುಂದಿನದು ಸೌದೆಯ ರಾಜ್ಯ. ಮಧ್ಯ ಟೆಕ್ಸಸ್ಸಿನಲ್ಲಿ ಪೋಸ್ಟ್ ಓಕ್ ಎಂಬ ಮರಕ್ಕೆ ಅಗ್ರಪೂಜೆ, ಏಕೆಂದರೆ ಅದು ಅಲ್ಲಿ ಯಥೇಚ್ಛವಾಗಿ ಬೆಳೆಯುತ್ತದೆ. ಅದಕ್ಕೆ ಆರೋಪಿಸುವ ಉಳಿದ ಮಹಿಮೆಗಳಲ್ಲಿ ಅಭಿಮಾನದ ಅಂಶ ಸ್ವಲ್ಪ ಹೆಚ್ಚೇ ಇದ್ದೀತು. ಮರದ ಜಾತಿಗಿಂತ ಮುಖ್ಯವಾದುದು ಅದು ಒಣಗಿರುವುದು. ಸೀಳಿ ಒಂದು ವರ್ಷದಷ್ಟು ಕಾಲ ಒಣಗಿಸಿದ ಸೌದೆಯಲ್ಲಿ ತೇವ ನೂರಕ್ಕೆ ಇಪ್ಪತ್ತರ ಆಸುಪಾಸಿಗೆ ಇಳಿದಿರುತ್ತದೆ. ಹಸಿಯದರಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು, ಬೆಂಕಿಯ ಶಕ್ತಿಯೆಲ್ಲ ಆ ನೀರನ್ನು ಕುದಿಸುವುದರಲ್ಲಿಯೇ ವ್ಯಯವಾಗುತ್ತದೆ. ಹೊಗೆಯ ಒಲೆಯೆಂದ ಮಾತ್ರಕ್ಕೆ ಹೊಗೆ ದಟ್ಟವಾಗಿರಬೇಕೆಂದು ಭಾವಿಸುವುದು ಸರ್ವಸಾಧಾರಣವಾದ ಭ್ರಮೆ. ಬಿಳಿಯಾಗಿ ಮೋಡದಂತೆ ಹೊರಳುವ ಹೊಗೆ ಅಪೂರ್ಣ ದಹನದ ಗುರುತು, ಕಹಿಯ ಮೂಲ. ಚಿಕ್ಕದಾದರೂ ಪ್ರಖರವಾಗಿ, ಗಾಳಿಯನ್ನು ಧಾರಾಳವಾಗಿ ಕುಡಿದು ಉರಿಯುವ ಬೆಂಕಿಯ ಹೊಗೆ ಕಣ್ಣಿಗೆ ಕಂಡೂ ಕಾಣದಷ್ಟು ತೆಳು, ನಸುನೀಲಿ. ಅದರಲ್ಲಿಯ ಕಣಗಳು ಬೆಳಕಿನ ಅಲೆಗಿಂತಲೂ ಸೂಕ್ಷ್ಮವಾಗಿರುವುದರಿಂದ, ಆಕಾಶದಲ್ಲಿ ಆಗುವಂತೆಯೇ, ನೀಲಿಯೇ ಹೆಚ್ಚಾಗಿ ಚದುರುತ್ತದೆ. ಮರದ ಲಿಗ್ನಿನ್ ಎಂಬ ಅಂಶ ಬೆಂಕಿಗೆ ಒಡೆದು ಹುಟ್ಟುವ ಗ್ವಾಯಾಕಾಲ್ ರುಚಿಯನ್ನೂ ಸಿರಿಂಗಾಲ್ ಪರಿಮಳವನ್ನೂ ಕೊಡುವುದು ಇಂತಹ ಹೊಗೆಯಲ್ಲಿಯೇ. ಇದೇ ಕುಲದ ಫೀನಾಲುಗಳಿಗೆ ಬೂಷ್ಟನ್ನು ತಡೆಯುವ ಗುಣವೂ ಇದೆ. ದಕ್ಷಿಣ ಕನ್ನಡದ ರಬ್ಬರ್ ತೋಟಗಳ ಹೊಗೆಮನೆಯಲ್ಲಿ ಹಾಳೆಗಳನ್ನು ನೇತುಹಾಕಿ ಒಣಗಿಸುವವರು ಫೀನಾಲಿನ ಹೆಸರು ಕೇಳಿರದಿದ್ದರೂ ಪ್ರಯೋಜನವನ್ನು ಬಲ್ಲರು.

ಒಳಗಿನ ಉಷ್ಣತೆ 110ರಿಂದ 135 ಡಿಗ್ರಿ ಸೆಲ್ಸಿಯಸ್‌ವರೆಗೆ. ಅಳೆಯುವ ಮಾಪಕ ಇರಬೇಕಾದುದು ಮಾಂಸವಿರುವ ಮಟ್ಟದಲ್ಲಿ, ಬಾಗಿಲಿನ ನೆತ್ತಿಯ ಮೇಲಲ್ಲ. ಇಷ್ಟು ಮಂದವಾದ ಶಾಖದಲ್ಲಿ ಐದಾರು ಕಿಲೋ ತೂಕದ ಬ್ರಿಸ್ಕೆಟ್ ಹದವಾಗಲು ಹತ್ತು ಹನ್ನೆರಡು ತಾಸು, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ದುಡಿಯುವ ಸ್ನಾಯುವಾದ್ದರಿಂದ ಅದು ನಾರುನಾರಾಗಿ ಗಡುಸು; ಅದನ್ನು ಹೆಣೆದಿರುವ ಕೊಲಾಜನ್ ನಿಧಾನವಾಗಿ ಕರಗಿ ಜೆಲಟಿನ್ ಆಗುವವರೆಗೆ ಕಾಯದೆ ವಿಧಿಯಿಲ್ಲ. ಈ ಮಧ್ಯೆ ಎಂತಹವನನ್ನೂ ಕಂಗೆಡಿಸುವ ಒಂದು ವಿಚಿತ್ರ ನಡೆಯುತ್ತದೆ. ಮಾಂಸದೊಳಗಿನ ಉಷ್ಣತೆ ಕ್ರಮವಾಗಿ ಏರುತ್ತ ಬಂದು 65–70 ಡಿಗ್ರಿಯ ಬಳಿ ಸ್ತಬ್ಧವಾಗಿ ನಿಂತು, ಬೆಂಕಿ ಉರಿಯುತ್ತಲೇ ಇದ್ದರೂ ಗಂಟೆಗಟ್ಟಲೆ ಕದಲುವುದಿಲ್ಲ. ಕೊಬ್ಬು ಕರಗುವುದರಿಂದ ಹೀಗಾಗುತ್ತದೆಂದೂ ಕೊಲಾಜನ್ನಿನಿಂದ ಹೀಗಾಗುತ್ತದೆಂದೂ ಬಹುಕಾಲ ಹೇಳುತ್ತಿದ್ದರು. ಭೌತವಿಜ್ಞಾನಿ ಗ್ರೆಗ್ ಬ್ಲಾಂಡರ್ ಪ್ರಯೋಗಗಳನ್ನು ನಡೆಸಿ, ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುವುದೇ ಇದಕ್ಕೆ ಕಾರಣವೆಂದು ತೋರಿಸಿದರು: ಬೇಸಿಗೆಯ ಮಣ್ಣಿನ ಹೂಜಿ ಮೈಯಿಂದ ಜಿನುಗುವ ನೀರನ್ನು ಆವಿಯಾಗಿಸಿ ಒಳಗಿನದನ್ನು ತಂಪಾಗಿರಿಸುವಂತೆಯೇ, ಬೆವರುವ ಮಾಂಸವು ಬೆಂಕಿ ಕೊಟ್ಟಷ್ಟನ್ನೂ ಕಳೆದುಕೊಳ್ಳುತ್ತಿರುತ್ತದೆ. ಹೊರಮೈ ಒಣಗಿದ ಬಳಿಕ ಉಷ್ಣತೆ ಮತ್ತೆ ಏರತೊಡಗಿ, 93–95 ಡಿಗ್ರಿಯ ಸುಮಾರಿಗೆ ಮಾಂಸ ಹದಕ್ಕೆ ಬರುತ್ತದೆ. ಕೊಯ್ದಾಗ ಅಂಚಿನ ಒಳಗೆ ಕಾಣುವ ಗುಲಾಬಿ ಬಣ್ಣದ ಪಟ್ಟೆಯನ್ನು ಹೊಗೆ ಒಳಕ್ಕಿಳಿದ ಗುರುತೆಂದು ಹೆಮ್ಮೆಪಡುವರು. ಅದು ವಾಸ್ತವವಾಗಿ ಬೆಂಕಿಯಿಂದ ಹೊರಟ ನೈಟ್ರಿಕ್ ಆಕ್ಸೈಡ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅನಿಲಗಳು ಮಾಂಸದ ಮಯೋಗ್ಲೋಬಿನ್ನಿನೊಡನೆ ಕೂಡಿ ಅದರ ಬಣ್ಣವನ್ನು ಸ್ಥಿರಗೊಳಿಸಿದ್ದರ ಫಲ. ರುಚಿಗೂ ಅದಕ್ಕೂ ಸಂಬಂಧವಿಲ್ಲ. ನೋಟಕ್ಕೆ ಚೆನ್ನು, ಅಷ್ಟೆ.

ಈ ಹೊತ್ತೆಲ್ಲ ದಪ್ಪ ಉಕ್ಕು ಮಾಡುವ ಉಪಕಾರ ಸಣ್ಣದಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ತೆಳುತಗಡಿನ ಒಲೆಗಳಲ್ಲಿ ಒಂದು ಸೌದೆ ಹೊತ್ತಿದರೆ ಶಾಖ ನೆಗೆಯುತ್ತದೆ, ಆರಿದರೆ ಕುಸಿಯುತ್ತದೆ, ಮೋಡ ಮುಸುಕಿದರೂ ವ್ಯತ್ಯಾಸವಾಗುತ್ತದೆ. ನೂರಾರು ಕಿಲೋ ಉಕ್ಕು ಒಮ್ಮೆ ಕಾದುಬಿಟ್ಟಿತೆಂದರೆ, ಬಾಗಿಲು ತೆರೆದು ಮುಚ್ಚಿದರೂ, ಕಾಯುವವನು ತುಸು ತೂಕಡಿಸಿದರೂ ಕ್ಷಮಿಸುವಷ್ಟು ಶಾಖವನ್ನು ಹಿಡಿದಿಟ್ಟಿರುತ್ತದೆ. ಪ್ರೊಪೇನಿನ ಒತ್ತಡಕ್ಕೆಂದು ಹಾಕಿದ ದಪ್ಪ ಹೀಗೆ ಬೇರೊಂದು ಕಾರ್ಯಕ್ಕೆ ಒದಗುತ್ತದೆ.

ಇದನ್ನು ಓದಿ ನಮ್ಮಲ್ಲಿ ಯಾರಾದರೂ ಅಡಿಗೆಯ ಸಿಲಿಂಡರಿನ ಮೇಲೆ ಕಣ್ಣು ಹಾಯಿಸಿದರೆ ಅವರನ್ನು ತಡೆಯಬೇಕಾದದ್ದು ನನ್ನ ಕರ್ತವ್ಯ. 14.2 ಕಿಲೋ ಅನಿಲ ತುಂಬಿ ಬರುವ ಆ ಸಿಲಿಂಡರು ಬಳಕೆದಾರನ ಸ್ವತ್ತಲ್ಲ, ಠೇವಣಿಯ ಮೇಲೆ ಪಡೆದ ಕಂಪನಿಯ ಸ್ವತ್ತು. ಅದನ್ನು ಕತ್ತರಿಸುವುದು ಅಪಾಯವೂ ಅಕ್ರಮವೂ ಹೌದು. ಹಿತ್ತಿಲುಳ್ಳ ಉತ್ಸಾಹಿಗೆ ಖಾದ್ಯತೈಲ ತುಂಬಿ ಬಂದ 200 ಲೀಟರಿನ ಉಕ್ಕಿನ ಡ್ರಮ್ಮು ಸಾಕು. ಅದರ ಒಳಲೇಪವನ್ನು ಪೂರ್ತಿ ಸುಟ್ಟು ಕೆರೆದು, ತಳದಲ್ಲಿ ಗಾಳಿಯ ರಂಧ್ರಗಳನ್ನೂ ಮುಚ್ಚಳದಲ್ಲಿ ಹೊಗೆಯ ದಾರಿಯನ್ನೂ ಕೊರೆದು, ಕೆಳಗೆ ಇದ್ದಿಲು, ಮೇಲೆ ಜಾಲರಿಯಿಟ್ಟರೆ ಅದೂ ಉಸಿರಾಡುವ ಒಲೆಯೇ. ಯಾವ ರಾಸಾಯನಿಕವನ್ನು ತುಂಬಿತ್ತೆಂಬುದು ಗೊತ್ತಿಲ್ಲದ ಡ್ರಮ್ಮು ಮಾತ್ರ ಪುಕ್ಕಟೆ ಬಂದರೂ ಬೇಡ.

ಒಲೆಯನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆ ಉಳಿಯಿತು. ಬೆಂಕಿಗೂಡಿನ ಬಾಯಿ ಗಾಳಿ ಬೀಸುವ ದಿಕ್ಕಿಗೆ ನೇರವಾಗಿ ಮುಖಮಾಡಿದ್ದರೆ ಬೆಂಕಿ ಹದ್ದು ಮೀರುತ್ತದೆ. ಬೆನ್ನು ಮಾಡಿದ್ದರೆ ಕೆಲವೊಮ್ಮೆ ಚಿಮಣಿಯೇ ಗಾಳಿಯನ್ನು ಒಳಕ್ಕೆ ನುಂಗಿ ಹೊಗೆ ಹಿಂದಕ್ಕೆ ತಿರುಗುತ್ತದೆ. ಓರೆಯಾಗಿ ನಿಲ್ಲಿಸುವುದೇ ರೂಢಿ. ಮಳೆಗೆ ಚಿಮಣಿಯ ಬಾಯಿಗೊಂದು ಡಬ್ಬಿ ಕವುಚಬೇಕು; ಬೂದಿಯನ್ನು ಅಂದಂದೇ ತೆಗೆಯಬೇಕು, ಏಕೆಂದರೆ ತೇವ ಹೀರಿದ ಬೂದಿಯು ಉಕ್ಕನ್ನು ತಳದಿಂದ ತಿಂದುಹಾಕುತ್ತದೆ. ಇವೆರಡನ್ನೂ ಪಾಲಿಸಿದವನ ಒಲೆ ಮಕ್ಕಳ ಕಾಲಕ್ಕೂ ಉಳಿದೀತು. ಇನ್ನು ನೆರೆಹೊರೆ. ಬಾರ್ಬೆಕ್ಯೂವನ್ನು ಧರ್ಮದಂತೆ ಆಚರಿಸುವ ಆಸ್ಟಿನ್ ನಗರದಲ್ಲಿಯೇ, ವಸತಿಪ್ರದೇಶಗಳ ಹತ್ತಿರದ ಉಪಾಹಾರಗೃಹಗಳ ಹೊಗೆಯ ಮೇಲೆ ನಿರ್ಬಂಧ ಹೇರುವ ಪ್ರಸ್ತಾಪವೊಂದು 2015ರಲ್ಲಿ ನಗರಸಭೆಯ ಮುಂದೆ ಬಂದು ಸಾಕಷ್ಟು ಕೋಲಾಹಲವನ್ನೆಬ್ಬಿಸಿತು. ಹನ್ನೆರಡು ತಾಸು ಒಂದೇ ದಿಕ್ಕಿಗೆ ತೇಲುವ ಪರಿಮಳವು ಎಷ್ಟನೆಯ ತಾಸಿನಲ್ಲಿ ಪರಿಮಳವಾಗಿ ಉಳಿಯದೆಂಬುದನ್ನು ಹೇಳಬಲ್ಲವರು ಬೇಲಿಯಾಚೆಯವರು. ಚಿಮಣಿಯನ್ನು ಬೆಸೆಯುವ ಮೊದಲೇ ಒಮ್ಮೆ ಅವರ ಬಟ್ಟೆ ಒಣಹಾಕುವ ಹಗ್ಗ ಯಾವ ಕಡೆಗಿದೆಯೆಂದು ನೋಡಿಕೊಂಡು ಬರುವುದು ಒಳ್ಳೆಯದು.